ಹೇಳಿಕೆಯಲ್ಲಿ ಬಿಟ್ಟ ಒಂದು ಸಾಲು

ಕೊರೊನಾ ಕಳೆದ ಮೇಲಿನ ಎರಡನೇ ಬೇಸಿಗೆ. ನಾನಾಗ ಸುರಪುರ ತಾಲ್ಲೂಕಿನ ಕೆಂಭಾವಿ ಭಾಗದಲ್ಲಿ ಕಾಲುವೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಮುಖ್ಯ ಕಾಲುವೆಯಿಂದ ನೀರು ಪಡೆದು ಹಳ್ಳಿಗಳಿಗೆ ಹಂಚುವ ಇಪ್ಪತ್ತಾರು ಕಿಲೋಮೀಟರಿನ ಒಂದು ವಿತರಣಾ ಕಾಲುವೆ ನನ್ನ ಸುಪರ್ದಿಯಲ್ಲಿತ್ತು. ವಾರದ ಆರು ದಿನ ಆ ಕಾಲುವೆಯ ಕೆಲಸ. ಭಾನುವಾರ ಬೆಳಿಗ್ಗೆ ಶಹಾಪುರದ ನಮ್ಮ ಓಣಿಯ ಸಣ್ಣ ಚರ್ಚಿನಲ್ಲಿ ಆರಾಧನೆ ನಡೆಸುವುದು, ಮದುವೆ, ನಾಮಕರಣ, ಮಣ್ಣು ಕೊಡುವುದು, ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು. ಸರಕಾರಿ ನೌಕರನಾದ್ದರಿಂದ ನಾನು ಸಂಬಳದ ಪಾಸ್ಟರ್ ಆಗುವಂತಿರಲಿಲ್ಲ. ಸಭೆಯವರು ನನ್ನನ್ನು ಗೌರವ ಬೋಧಕನೆಂದು ನೇಮಿಸಿಕೊಂಡಿದ್ದರು. ಇಪ್ಪತ್ತೆರಡು ಮನೆಗಳ ಸಭೆ. ಆಫೀಸಿನಲ್ಲಿ ನಾನು ‘ಸಾಹೇಬ್ರು’, ಚರ್ಚಿನಲ್ಲಿ ‘ಅಯ್ಯನೋರು’.

ಎರಡನ್ನೂ ನನಗೆ ಕೊಟ್ಟವನು ಅಪ್ಪ. ಆತ ಈ ಕಾಲುವೆ ತೋಡುವಾಗ ಕಲ್ಲು ಒಡೆದ ಕೂಲಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಉಳಿದ ಕೂಲಿಗಳನ್ನು ಕೂಡಿಸಿಕೊಂಡು ತಪ್ಪುತಪ್ಪಾಗಿ ಬೈಬಲಿನ ವಾಕ್ಯ ಓದಿ ಹೇಳುತ್ತಿದ್ದ. ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅದೇ ಕಾಲುವೆಗೆ ಅಧಿಕಾರಿಯಾಗಿ ಬಂದ ದಿನ ಅವನು ಒಂದೇ ಮಾತು ಹೇಳಿದ್ದ: “ಇಲ್ಲಿ ಮಂದಿ ನೀರಿಗಾಗಿ ಬಡದಾಡ್ತಾರ. ನೀ ನಡುವ ನಿಂದ್ರು.” ಎರಡು ಕೆಲಸ ಒಂದಕ್ಕೊಂದು ಅಡ್ಡ ಬರುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಮೂವತ್ತು ವರ್ಷ ಬಂದಿರಲಿಲ್ಲ. ಆ ಬೇಸಿಗೆಯಲ್ಲಿ ಬಂದವು.

ನಮ್ಮ ಕಡೆ ನೀರನ್ನು ಪಾಳಿಯ ಮೇಲೆ ಬಿಡುತ್ತಾರೆ. ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್. ಕಾಲುವೆಯ ಮೇಲ್ಭಾಗದ ಹಳ್ಳಿಗಳವರು ಭತ್ತ ಹಚ್ಚುತ್ತಾರೆ, ಭತ್ತಕ್ಕೆ ನೀರು ನಿಂತೇ ಇರಬೇಕು. ಕೊನೆಯ ಭಾಗದವರದು ಶೇಂಗಾ, ಮೆಣಸಿನಕಾಯಿ. ಮೇಲಿನವರು ತೂಬುಗಳನ್ನು ಮುಚ್ಚದಿದ್ದರೆ ಕೊನೆಯವರಿಗೆ ಕಾಲುವೆಯ ತಳದ ಪಾಚಿ ಮಾತ್ರ ಕಾಣುತ್ತದೆ. ಆ ವರ್ಷ ಕೊನೆಯ ಭಾಗದವರು ಮೂರು ಪಾಳಿ ನೀರು ಕಂಡಿರಲಿಲ್ಲ. ಅವರು ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದು ಆಫೀಸಿನ ಅಂಗಳದಲ್ಲಿ ಕೂತರು. ಬುಧವಾರ ನಾನು ಆದೇಶ ಬರೆದೆ: ಶನಿವಾರ ಬೆಳಿಗ್ಗೆಯಿಂದ ನಾಲ್ಕು ದಿನ ಮೇಲ್ಭಾಗದ ಮೂರು ತೂಬುಗಳ ಗೇಟು ಬಂದ್.

ಶುಕ್ರವಾರ ಮಧ್ಯಾಹ್ನ ಮೇಲ್ಭಾಗದ ಹಳ್ಳಿಯ ಭೀಮರಾಯ ಆಫೀಸಿಗೆ ನುಗ್ಗಿದ. ಆರಡಿ ಎತ್ತರದ ಆಳು, ದೊಡ್ಡ ಬಾಯಿ, ಊರಿನ ಪರವಾಗಿ ಎಲ್ಲದಕ್ಕೂ ಮುಂದೆ ಬೀಳುವವನು. ಅವನಿಗೂ ನನಗೂ ಮೊದಲಿನಿಂದ ಆಗಿಬರುತ್ತಿರಲಿಲ್ಲ. ನನ್ನ ಮೇಜಿನ ಮೇಲಿದ್ದ ಕಡತಗಳನ್ನು ಒಂದೇ ಏಟಿಗೆ ನೆಲಕ್ಕೆ ಕೆಡವಿದ.

“ಭತ್ತ ತೆನಿ ಬಿಡಾಕತ್ತೈತಿ. ಈಗ ಗೇಟ ಮುಚ್ಚಿದ್ರ ಮುಚ್ಚಿದಾಂವನ ಕೈ ಮುರೀತೀನಿ” ಎಂದ. ಬಾಗಿಲಿಗೆ ಹೋಗಿ ತಿರುಗಿ ನಿಂತು, ಸಿಬ್ಬಂದಿಯೆಲ್ಲ ಕೇಳುವಂತೆ, “ಏ ಪಾದ್ರಿ, ಭಾನುವಾರ ಬಾಯಿಲೆ ನೀರ ಕುಡಸ್ತಿ, ಸೋಮವಾರ ಗೇಟಿಗಿ ಕೀಲಿ ಹಾಕ್ತಿ. ಎಂಥಾ ದೇವರೋ ನಿಂದು!” ಎಂದು ಕ್ಯಾಕರಿಸಿ ಉಗುಳಿ ಹೋದ.

ನಾನು ಪೊಲೀಸ್ ರಕ್ಷಣೆ ಕೇಳಿದೆ. ಸಿಬ್ಬಂದಿ ಬೇರೆ ಬಂದೋಬಸ್ತಿಗೆ ಹೋಗಿದ್ದಾರೆ, ಸೋಮವಾರ ಕಳಿಸುತ್ತೇವೆ ಎಂದರು. ನಾನು ಸೋಮವಾರದವರೆಗೆ ಕಾಯಬೇಕಿತ್ತು. ಭೀಮರಾಯನ ಬಾಯಿಗೆ ಹೆದರಿದೆ ಅಂತಾಗುತ್ತದೆ ಎಂದುಕೊಂಡು ಕಾಯಲಿಲ್ಲ.

ಗೇಟು ತೆಗೆದು ಹಾಕುವ ಕೆಲಸಗಾರನನ್ನು ನಮ್ಮಲ್ಲಿ ಸೌಡಿ ಅನ್ನುತ್ತಾರೆ. ಆ ತೂಬುಗಳ ಸೌಡಿ ಮೌಲಾಸಾಬ, ಐವತ್ತೆರಡು ವರ್ಷದ ಸಣಕಲು ಮನುಷ್ಯ, ಇಪ್ಪತ್ತು ವರ್ಷದಿಂದ ದಿನಗೂಲಿಯ ಮೇಲೆ ದುಡಿಯುತ್ತಿದ್ದ. ಆದೇಶ ಕೇಳಿ ಅವನು ಬೀಗಗಳನ್ನು ಚೀಲಕ್ಕೆ ಹಾಕಿಕೊಂಡ.

“ಒಬ್ಬನಽ ಹೋಗ್ಲೇನ್ರಿ, ಸಾಹೇಬ್ರ?”

“ನಾ ಹನ್ನೊಂದಕ್ಕ ಬರ್ತೀನಿ. ನೀ ಮುಚ್ಚಿ ಕುಂದ್ರು” ಎಂದೆ.

ಶನಿವಾರ ಬೆಳಿಗ್ಗೆ ಅವನು ಹೋಗಿ ಮೂರೂ ಗೇಟು ಇಳಿಸಿ ಬೀಗ ಹಾಕಿದ. ಹತ್ತೂವರೆಗೆ ನನಗೆ ಅವನ ಫೋನ್ ಬಂತು. ಮಾತಿಲ್ಲ, ಬರೀ ಜನರ ಗದ್ದಲ. ನಾನು ಡ್ರೈವರನನ್ನು ಕರೆದುಕೊಂಡು ಜೀಪು ಹತ್ತಿದೆ.

ಎರಡನೇ ತೂಬಿನ ಬಳಿ ನಲವತ್ತು ಮಂದಿಯಾದರೂ ಇದ್ದರು. ಗೇಟೆಂದರೆ ಒಂದು ಕಬ್ಬಿಣದ ಹಲಗೆ. ಅದನ್ನು ಎತ್ತಲು ಮೇಲೊಂದು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ತಿರುಗಿಸುವ ಚಕ್ರ. ಬೀಗ ಆಗಲೇ ಒಡೆದಿತ್ತು. ಮೌಲಾಸಾಬ ಎರಡೂ ತೋಳುಗಳಿಂದ ಆ ಚಕ್ರವನ್ನು ತಬ್ಬಿಕೊಂಡು ಕೂತಿದ್ದ. ಮೂರು ನಾಲ್ಕು ಜನ ಅವನ ಬೆನ್ನಿಗೆ ಬಡಿಗೆಯಿಂದ ಹೊಡೆಯುತ್ತಿದ್ದರು. ಅಂಗಿ ಹರಿದು ಚರ್ಮಕ್ಕೆ ಅಂಟಿಕೊಂಡಿತ್ತು. ಪ್ರತಿ ಏಟಿಗೂ ಅವನು ‘ಯಾ ಅಲ್ಲಾ’ ಅನ್ನುತ್ತಿದ್ದ, ಚಕ್ರ ಮಾತ್ರ ಬಿಡುತ್ತಿರಲಿಲ್ಲ. ನಾನು ಹೇಳಿ ಕಳಿಸಿದ ಕೆಲಸವನ್ನು ಅವನು ಅಷ್ಟು ನಿಷ್ಠೆಯಿಂದ ಮಾಡುತ್ತಿದ್ದ.

ನಾನು ಕೂಗುತ್ತ ಕಟ್ಟೆ ಹತ್ತಿದೆ. ಒಂದು ಕಲ್ಲು ಬಂದು ಎಡಹುಬ್ಬಿನ ಮೇಲೆ ಬಡಿಯಿತು. ರಕ್ತ ಆ ಕಣ್ಣೊಳಗೆ ಇಳಿಯಿತು. ಅಷ್ಟರಲ್ಲಿ ಭೀಮರಾಯ ನನ್ನ ಅಂಗಿಯ ಕಾಲರನ್ನು ಎರಡೂ ಕೈಗಳಿಂದ ಹಿಡಿದು ನೆಲ ಬಿಡಿಸುವಂತೆ ಎತ್ತಿ ಅಲ್ಲಾಡಿಸತೊಡಗಿದ. “ಬಿಡು ಅನ್ನು! ನಿನ್ನ ಮನಷ್ಯಾಗ ಗೇಟ ಬಿಡು ಅನ್ನು!” ಎಂದು ನನ್ನ ಮುಖದ ಮೇಲೆ ಚೀರುತ್ತಿದ್ದ. ಅವನ ಹೆಗಲ ಆಚೆ, ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ಹಾರೆ ಎತ್ತಿದ್ದನ್ನು ನನ್ನ ಬಲಗಣ್ಣು ಕಂಡಿತು. ಹಾರೆ ಚಕ್ರದ ಮೇಲಿದ್ದ ಮೌಲಾಸಾಬನ ಬಲಗೈ ಮೇಲೆ ಇಳಿಯಿತು. ಮೌಲಾಸಾಬನ ತೋಳು ಸಡಿಲವಾಯಿತು. ಹಾರೆ ಇನ್ನೊಮ್ಮೆ ಎದ್ದು ಅದೇ ಜಾಗಕ್ಕೆ ಇಳಿಯಿತು. ಎರಡನೇ ಸಲ ಬಂದ ಸದ್ದು ಮೂಳೆಯದು. ಯಾರೋ ಅವನ ಪಕ್ಕೆಗೆ ಒದ್ದರು. ಅವನು ಕಟ್ಟೆಯಿಂದ ಉರುಳಿ ಕಾಲುವೆಗೆ ಬಿದ್ದ.

ಭೀಮರಾಯನ ಕೈ ಆಗ ನನ್ನನ್ನು ಬಿಟ್ಟವು. ನಾನು ನೀರಿಗೆ ಹಾರಿದೆ.

ಕಾಲುವೆಯಲ್ಲಿ ಐದಡಿ ನೀರು ಇತ್ತು. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಸಿಮೆಂಟ್ ಹಾಕಿದ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಕಾಲು ಊರಲಾಗುವುದಿಲ್ಲ, ಹಿಡಿಯಲು ಏನೂ ಇರುವುದಿಲ್ಲ. ನನಗೆ ಆ ಕಾಲುವೆಯ ಪ್ರತಿ ಮೀಟರೂ ಗೊತ್ತಿತ್ತು. ಹತ್ತಲು ಮೆಟ್ಟಿಲಿರುವುದು ಇನ್ನೂರು ಮೀಟರ್ ಕೆಳಗೆ, ಸೇತುವೆಯ ಬಳಿ. ಮೌಲಾಸಾಬನ ಕೊರಳಪಟ್ಟಿ ಹಿಡಿದು ಅವನ ಮುಖ ಮೇಲಿಟ್ಟುಕೊಂಡು ನೀರಿನ ಜೊತೆಯೇ ಹೋದೆ. ದಂಡೆಯ ಮೇಲಿಂದ ಕಲ್ಲು ಬೀಳುತ್ತಿದ್ದವು. ಹಿಂದೆ ದಢ್ ಎಂದು ಸದ್ದಾಯಿತು. ನಮ್ಮ ಜೀಪನ್ನು ಕಾಲುವೆಗೆ ನೂಕಿದ್ದರು. ಡ್ರೈವರ್ ಹೊಲದೊಳಗೆ ಓಡಿ ತಪ್ಪಿಸಿಕೊಂಡಿದ್ದ. ಮೌಲಾಸಾಬನ ಬಲಗೈ ಮೊಣಕೈ ಕೆಳಗೆ ನೀರಿನಲ್ಲಿ ತನ್ನಷ್ಟಕ್ಕೆ ತಾನು ಹೊರಳುತ್ತಿತ್ತು.

ಸೇತುವೆಯ ಕೆಳಗೆ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಒಂದು ಒದ್ದೆ ಕೌದಿಯನ್ನು ನನ್ನತ್ತ ಎಸೆದರು. ಅದನ್ನು ಹಿಡಿದು ಮೆಟ್ಟಿಲು ಮುಟ್ಟಿದೆ. ಅವರು ಮೇಲ್ಭಾಗದ ಅದೇ ಹಳ್ಳಿಯವರು ಅಂತ ನನಗೆ ಆಮೇಲೆ ತಿಳಿಯಿತು.

ಕಲಬುರಗಿಯ ಆಸ್ಪತ್ರೆಯಲ್ಲಿ ಅದೇ ಸಂಜೆ ಮೌಲಾಸಾಬನ ಬಲಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಿದರು. ನನ್ನ ಹುಬ್ಬಿಗೆ ಹನ್ನೊಂದು ಹೊಲಿಗೆ ಬಿದ್ದವು. ಮರುದಿನ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಬಂದು ಹಾಸಿಗೆಯ ಪಕ್ಕದಲ್ಲೇ ಹೇಳಿಕೆ ಬರೆದುಕೊಂಡರು.

“ಹಾರಿ ಯಾರ ಕೈಯಾಗ ಇತ್ರಿ?”

“ಮುಖಕ್ಕ ಟವೆಲ್ ಸುತ್ತಿದ್ದ. ಗುರುತು ಸಿಗಲಿಲ್ಲ.”

“ಭೀಮರಾಯ ಇದ್ದನೇನು?”

“ಇದ್ದ. ಎಲ್ಲಾರಕಿಂತ ಮುಂದ ಇದ್ದ. ಹಿಂದಿನ ದಿನ ಆಫೀಸಿಗೆ ಬಂದು ಕೈ ಮುರೀತೀನಿ ಅಂತ ಹೇಳಿ ಹೋಗಿದ್ದ.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಓದಿ ನೋಡಿ ಸಹಿ ಮಾಡಿದೆ.

ಆ ಸಂಜೆಯೇ ಪೊಲೀಸರು ಭೀಮರಾಯನನ್ನು ಮನೆಯಿಂದ ಎಳೆದುಕೊಂಡು ಹೋದರು. ಕೊಲೆ ಯತ್ನದ ಮೊದಲ ಆರೋಪಿ ಅವನು. ಲಾಕಪ್ಪಿನಲ್ಲಿ ಅವನಿಗೆ ಚೆನ್ನಾಗಿ ಬಿದ್ದಿದೆ ಎಂದು ನಮ್ಮ ಸಿಬ್ಬಂದಿ ನಗುತ್ತ ಬಂದು ಹೇಳಿದರು. ನನಗೆ ಸಂಕಟವಾಗಲಿಲ್ಲ. ಬೋಧಕನೆನಿಸಿಕೊಂಡವನಿಗೆ ಸಮಾಧಾನವಾಯಿತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಗಲಭೆ ಅಲ್ಲಿಗೆ ನಿಲ್ಲಲಿಲ್ಲ. ನಾಲ್ಕನೇ ದಿನ ಕಾಲುವೆಯ ಕೊನೆಯ ಭಾಗದವರು ನಾಲ್ಕು ಟ್ರ್ಯಾಕ್ಟರ್ ತುಂಬ ಜನ ಮೇಲ್ಭಾಗದ ಹಳ್ಳಿಗೆ ನುಗ್ಗಿದರು. ಪಂಪ್‌ಸೆಟ್‌ಗಳನ್ನು ಸುತ್ತಿಗೆಯಿಂದ ಜಜ್ಜಿದರು, ಆರು ಬಣವೆಗಳಿಗೆ ಬೆಂಕಿ ಇಟ್ಟರು. ಕಟ್ಟಿದ್ದ ಎತ್ತು ಬಿಡಿಸಲು ಹೋದ ಒಬ್ಬ ಮುದುಕನ ಕಾಲು ಮುರಿದರು. “ಮೌಲಾಸಾಬನ ಕೈಗೆ ಬದಲು” ಎಂದು ಕೂಗಿಕೊಂಡು ಹೋದರಂತೆ. ಅವರಲ್ಲಿ ಹೆಚ್ಚಿನವರು ಮೌಲಾಸಾಬನ ಮುಖವನ್ನೂ ನೋಡಿದವರಲ್ಲ.

ಘಟನೆ ನಡೆದು ಎಂಟು ದಿನಕ್ಕೆ ಭಾನುವಾರ. ನಾನು ತಲೆಗೆ ಪಟ್ಟಿ ಕಟ್ಟಿಕೊಂಡೇ ಆರಾಧನೆ ನಡೆಸಿದೆ. ನಮ್ಮ ಸಭೆಯಲ್ಲಿ ಡೋಲಕ್ ಬಾರಿಸುವವನು ದಾನಿಯೇಲಪ್ಪ, ನಾವು ದಾನೇಲ ಅನ್ನುತ್ತಿದ್ದೆವು. ಮೂವತ್ತರ ಆಸುಪಾಸು. ಅವನ ಮದುವೆ ಮಾಡಿಸಿದವನೂ ನಾನೇ, ಅವನ ತಾಯಿಗೆ ಮಣ್ಣು ಕೊಟ್ಟವನೂ ನಾನೇ. ಮೇಲ್ಭಾಗದ ಹಳ್ಳಿಯಲ್ಲಿ ಅವನು ಎರಡು ಎಕರೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು ಭತ್ತ ಹಚ್ಚಿದ್ದ. ಆ ಹಳ್ಳಿಯಲ್ಲಿ ನಮ್ಮವರದು ನಾಲ್ಕೇ ಮನೆ. ಆ ದಿನ ಅವನು ಡೋಲಕ್ ಮುಟ್ಟಲಿಲ್ಲ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ. ಎಲ್ಲರೂ ಹೋದ ಮೇಲೆ ಎದ್ದು ಬಂದು ನನ್ನೆದುರು ನೆಲದ ಮೇಲೆ ಕುಸಿದ.

“ಅಯ್ಯನೋರ, ಆ ಹಾರಿ ನನ್ನ ಕೈಯಾಗಿತ್ರಿ.”

ನನಗೆ ತಕ್ಷಣ ತಿಳಿಯಲಿಲ್ಲ. ಅವನು ಎರಡು ಸಲ ಹೇಳಿದ. ಊರಿನವರು ‘ನಿಮ್ಮ ಪಾದ್ರಿಯೇ ಗೇಟು ಮುಚ್ಚಿಸ್ಯಾನ, ನೀ ಯಾರ ಕಡೆ?’ ಎಂದು ಮೂರು ದಿನ ಹಂಗಿಸಿದ್ದರಂತೆ. ತಾನು ಅವರ ಕಡೆ ಎಂದು ತೋರಿಸಲು ಹೋಗಿದ್ದ.

“ಭೀಮರಾಯ ಜೇಲಿನ್ಯಾಗ ಅದಾನ, ದಾನೇಲ” ಎಂದೆ.

“ಗೊತ್ತದರಿ. ಆದ್ರ ನಾ ಬಾಯಿ ಬಿಟ್ರ, ನಿನ್ನ ಸಲುವಾಗಿ ಭೀಮರಾಯ ಏಟ ತಿಂದ, ನಮ್ಮ ಬಣಿವಿ ಸುಟ್ವು ಅಂತ ಊರಾಗ ನಮ್ಮ ನಾಕ ಮನಿ ಸುಡ್ತಾರ. ನೀವು ಅಯ್ಯನೋರು. ಇದು ನಿಮ್ಮ ಹೊಟ್ಟ್ಯಾಗ ಇರ್ಲಿ.”

ಅವನ ಹೆಂಡತಿಯ ಅಣ್ಣ ಯೇಸಪ್ಪ ನಮ್ಮ ಸಭೆಯ ಹಿರಿಯ. ಬಾಗಿಲ ಹೊರಗೆ ಅವನು ನಿಂತಿದ್ದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಒಳಗೆ ಬಂದವನೇ ದಾನೇಲನ ಎದೆಗೆ ಒದ್ದ. ಕೂದಲು ಹಿಡಿದು ತಲೆಯನ್ನು ಬೆಂಚಿನ ಅಂಚಿಗೆ ಬಡಿದ. “ಹೇಳಬ್ಯಾಡ ಅಂತ ಬಡಕೊಂಡೆ, ಸೂಳೀಮಗನ! ನನ್ನ ತಂಗೀನ್ನ ಸುಡಸ್ತಿ ಏನು?” ನಾನು ನಡುವೆ ಹೋದೆ. ಯೇಸಪ್ಪ ನನ್ನ ಎದೆಗೆ ಕೈ ಕೊಟ್ಟು ನೂಕಿದ. ವೇದಿಕೆಯ ಮೂಲೆ ಹಣೆಗೆ ತಾಗಿ ಹೊಲಿಗೆ ಬಿಚ್ಚಿಕೊಂಡವು. ವಾಕ್ಯ ಓದುವ ಜಾಗದ ನೆಲಕ್ಕೆ ನನ್ನ ರಕ್ತ ತೊಟ್ಟಿಕ್ಕಿತು. ಅದನ್ನು ನೋಡಿ ಇಬ್ಬರೂ ನಿಂತರು.

“ಅಯ್ಯನೋರ, ನೀವು ಇದನ್ನ ಕೇಳೇ ಇಲ್ಲ” ಎಂದ ಯೇಸಪ್ಪ, ಏದುಸಿರು ಬಿಡುತ್ತ. “ನಮ್ಮ ಮಂದಿ ಉಳೀಬೇಕಂದ್ರ ನೀವು ಕೇಳೇ ಇಲ್ಲ.”

ನನ್ನ ಹೆಂಡತಿ ಸರೋಜಿನಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಹೆಚ್ಚು ಮಾತಿನವಳಲ್ಲ. ಮನೆಯಲ್ಲಿ ಅವಳು ಗಾಯಕ್ಕೆ ಹತ್ತಿ ಒತ್ತಿ ಹಿಡಿದಳು. ಬಿದ್ದೆ ಎಂದೆ. ಅವಳು ನಂಬಲಿಲ್ಲ, ಕೆದಕಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಸ್ಪತ್ರೆಯವರು ಚೀಲದಲ್ಲಿ ಹಾಕಿ ಕೊಟ್ಟಿದ್ದ ನನ್ನ ಅಂಗಿಯನ್ನು ತಂದು ತೊಡೆಯ ಮೇಲೆ ಹರಡಿದಳು.

“ಏನ್ರಿ, ಕಾಲರ್ ಎರಡೂ ಕಡೆ ಕಿತ್ತೈತಿ. ಯಾರು ಹಿಡದಿದ್ರು?”

“ಭೀಮರಾಯ.”

“ಎರಡೂ ಕೈಲೆ?”

ಹೌದೆಂದು ತಲೆ ಆಡಿಸಿದೆ.

“ಹಾರಿ ಏಟು ಬಿದ್ದಾಗ ಹಿಡದಽ ಇದ್ದನೇನ್ರಿ?”

ಅದನ್ನೇ ನಾನು ಎಂಟು ದಿನದಿಂದ ತಳ್ಳಿ ಇಟ್ಟಿದ್ದೆ. ಎರಡು ಏಟು ಬಿದ್ದಾಗಲೂ ಭೀಮರಾಯನ ಎರಡೂ ಕೈ ನನ್ನ ಕೊರಳಲ್ಲಿದ್ದವು. ಅವನು ಹೊಡೆದಿರಲು ಸಾಧ್ಯವೇ ಇಲ್ಲವೆಂದು ಹೇಳಬಲ್ಲವನು ಆ ಕಟ್ಟೆಯ ಮೇಲೆ ನಾನೊಬ್ಬನೇ. ದಾನೇಲ ಬಂದು ಹೇಳುವ ಮೊದಲೇ ನನಗದು ಗೊತ್ತಿತ್ತು. ಕಾಲುವೆಯ ಗೇಜಿನ ಮಟ್ಟವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಬರೆಯುವವನು ನಾನು. ಆ ಒಂದು ಸಾಲನ್ನು ಹೇಳಿಕೆಯಲ್ಲಿ ಬಿಟ್ಟಿದ್ದೆ. ಸಬ್ ಇನ್ಸ್‌ಪೆಕ್ಟರ್ ಕೇಳಲಿಲ್ಲ, ನಾನು ಹೇಳಲಿಲ್ಲ. ‘ಎಂಥಾ ದೇವರೋ ನಿಂದು’ ಎಂದು ಉಗುಳಿದ್ದು ನನ್ನೊಳಗೆ ಒಣಗಿರಲಿಲ್ಲ.

ಸೋಮವಾರ ದಾನೇಲನಿಗೆ ಫೋನ್ ಮಾಡಿದೆ. “ನಾಳೆ ಠಾಣೆಗೆ ಹೊಂಟೀನಿ. ನಾ ಕಂಡದ್ದನ್ನ ನಾ ಹೇಳ್ತೀನಿ. ನೀ ನನಗ ಹೇಳಿದ್ದನ್ನ ಹೇಳಂಗಿಲ್ಲ. ಅದನ್ನ ನೀನಽ ಹೇಳಬೇಕು” ಎಂದೆ. ಅವನು ಫೋನ್ ಇಟ್ಟ.

ಸಬ್ ಇನ್ಸ್‌ಪೆಕ್ಟರ್ ಪೂರಕ ಹೇಳಿಕೆ ಅಂದ ಕೂಡಲೇ ಪೆನ್ನು ಕೆಳಗಿಟ್ಟರು.

“ಸಾಹೇಬ್ರ, ಕೇಸ್ ಗಟ್ಟಿ ಅದ. ಯಾಕ ಕೆದರ್ತೀರಿ? ಯಾರರ ಧಮಕಿ ಹಾಕ್ಯಾರೇನು?”

“ಇಲ್ರಿ. ಮೊದಲನೇ ಹೇಳಿಕಿಯೊಳಗ ಒಂದು ಮಾತು ಬಿಟ್ಟಿದ್ದೆ.”

“ಮರತಿದ್ರಿ ಅಂತ ಬರೀಲೇನು?”

“ಮರತಿರಲಿಲ್ಲ. ಬಿಟ್ಟಿದ್ದೆ ಅಂತಽ ಬರೀರಿ.”

ಅವರು ಪೆನ್ನು ಎತ್ತಿಕೊಂಡು ಬರೆದುಕೊಂಡರು.

ಸುದ್ದಿ ನಾನು ಮನೆ ಮುಟ್ಟುವಷ್ಟರಲ್ಲಿ ಹರಡಿತ್ತು. ಎಂಜಿನಿಯರ್ ಹೆದರಿ ಹೇಳಿಕೆ ತಿರುಗಿಸಿದ ಎಂದು ಕೊನೆಯ ಭಾಗದವರು ಅಂದರು. ಬೆಳಕಿರುವಾಗಲೇ ಮೂರು ಬೈಕುಗಳಲ್ಲಿ ಬಂದವರು ನಮ್ಮ ಮನೆಗೆ ಕಲ್ಲು ತೂರಿ ಕಿಟಕಿಗಳನ್ನೆಲ್ಲ ಒಡೆದರು. ಒಂದು ಗಾಜಿನ ಚೂರು ಸರೋಜಿನಿಯ ಅಂಗೈ ಸೀಳಿತು. ಆಫೀಸಿನ ಸಿಬ್ಬಂದಿ ನನ್ನ ಜೊತೆ ಮಾತು ಬಿಟ್ಟರು. ಬುಧವಾರ ಆಸ್ಪತ್ರೆಗೆ ಹೋದರೆ ವಾರ್ಡಿನ ಬಾಗಿಲಲ್ಲೇ ಮೌಲಾಸಾಬನ ಮಗ ರಫೀಕ್ ನನ್ನನ್ನು ತಡೆದ. ಕಕ್ಕೇರಾದಲ್ಲಿ ಆಟೋ ಓಡಿಸುವ ಕಟ್ಟುಮಸ್ತಾದ ಯುವಕ ಅವನು. ನನ್ನ ಕಾಲ ಬಳಿ ಉಗುಳಿದ.

“ನಮ್ಮಪ್ಪನ ಕೈ ಹೋತು. ನೀವು ಹೊಡದಾಂವನ್ನ ಬಿಡಸಾಕ ಹೊಂಟೀರಿ. ಒಳಗ ಹೋದ್ರ ಇಲ್ಲೇ ಹೂಳ್ತೀನಿ.”

ನಾನು ಹಿಂದಕ್ಕೆ ಬಂದೆ. ಮರುದಿನ ಮತ್ತೆ ಹೋದೆ. ಈ ಸಲ ಮೌಲಾಸಾಬನೇ ಒಳಗಿಂದ, “ಬರ್ಲಿ ಬಿಡು” ಎಂದ. ಸ್ಟೂಲಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ, ದಾನೇಲನ ಮಾತು ಒಂದನ್ನು ಬಿಟ್ಟು. ಒಬ್ಬನೇ ಹೋಗಲೇ ಎಂದು ನೀನು ಕೇಳಿದಾಗ ನಾನು ಜೊತೆಗೆ ಬರಬೇಕಿತ್ತು ಎಂದೂ ಹೇಳಿದೆ.

ಅಷ್ಟರಲ್ಲಿ ಬಾಗಿಲಲ್ಲಿ ದಾನೇಲ ಕಾಣಿಸಿದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಒಡೆದಿತ್ತು. ಯೇಸಪ್ಪ ಎರಡು ದಿನ ಅವನನ್ನು ಮನೆಯಲ್ಲಿ ಕೂಡಿಹಾಕಿ ಹೊಡೆದಿದ್ದ. ಹಿತ್ತಲ ಗೋಡೆ ಹಾರಿ ಬಂದಿದ್ದ. ನನ್ನ ಕಡೆ ನೋಡದೆ ಮಂಚದ ಕಾಲ್ದೆಸೆಗೆ ಹೋಗಿ ನಿಂತ.

“ಚಾಚಾ, ನಾನಽರಿ. ಹಾರಿ ಎತ್ತಿದಾಂವ ನಾನಽರಿ.”

ರಫೀಕ್ ಹಾರಿ ಅವನ ಕುತ್ತಿಗೆ ಹಿಡಿದ. ದಾನೇಲ ಕೈ ಎತ್ತಲಿಲ್ಲ. ಅವನ ಮುಖ ಕಪ್ಪಾಗುತ್ತಿತ್ತು. ನಾನು ರಫೀಕನ ಬೆರಳು ಬಿಡಿಸಲು ಒದ್ದಾಡುತ್ತಿದ್ದೆ.

“ಬಿಡು ಅವನ್ನ” ಎಂದ ಮೌಲಾಸಾಬ. “ಹತ್ರ ಬಾರೋ.”

ದಾನೇಲ ಹತ್ತಿರ ಹೋದ. ಮೌಲಾಸಾಬ ಎಡಗೈ ಊರಿ ಎದ್ದು ಕೂತ.

“ಮೊದಲನೇ ಏಟಿಗಿ ನಾ ಚಕ್ರ ಬಿಟ್ಟಿದ್ದೆ. ಬಿಟ್ಟಿದ್ದು ನಿನಗ ಕಂಡಿತ್ತು. ಎರಡನೇದು ಯಾಕ ಹೊಡದಿ?”

“ಗೊತ್ತಿಲ್ಲ, ಚಾಚಾ” ಎಂದ ದಾನೇಲ.

ಮೌಲಾಸಾಬ ಉಳಿದ ಕೈಯಿಂದ ಅವನ ಕೆನ್ನೆಗೆ ಹೊಡೆದ. ಮತ್ತೊಮ್ಮೆ ಹೊಡೆದ. ಮೂರನೆಯ ಏಟಿಗೆ ಕೈಗೆ ಚುಚ್ಚಿದ್ದ ಸಲೈನಿನ ಸೂಜಿ ಕಿತ್ತು ಹಾಸಿಗೆಯ ಮೇಲೆ ರಕ್ತ ಚಿಮ್ಮಿತು. ನರ್ಸ್ ಓಡಿಬಂದಳು. ಮೌಲಾಸಾಬ ದಿಂಬಿಗೆ ಒರಗಿ ಗಳಗಳನೆ ಅತ್ತ. ಅಳುತ್ತಲೇ, “ಕರಕೊಂಡು ಹೋಗ್ರಿ ಸಾಹೇಬ್ರ. ಠಾಣೆಗಿ ತಾನಽ ನಡಕೊಂತ ಹೋಗ್ಲಿ. ದಾರ್ಯಾಗ ಯಾರೂ ಅವನ ಮೈ ಮುಟ್ಟಬಾರ್ದು” ಎಂದ.

ಕಲಬುರಗಿಯಿಂದ ಠಾಣೆಯವರೆಗೆ ಬಸ್ಸಿನಲ್ಲಿ ನಾನೂ ದಾನೇಲನೂ ಪಕ್ಕ ಪಕ್ಕ ಕೂತು ಬಂದೆವು. ಬಸ್ಸು ಶಹಾಪುರ ದಾಟುವಾಗ, “ಡೋಲಕ್ ಯಾರಿಗರ ಕೊಡ್ರಿ, ಅಯ್ಯನೋರ” ಎಂದ. ಅಷ್ಟೇ ಮಾತು. ಅವನು ಠಾಣೆಯ ಮೆಟ್ಟಿಲು ಹತ್ತುವಾಗ ನಾನು ಹಿಂದೆ ನಿಂತೆ.

ಅವನಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ನಾನು ಸಾಕ್ಷಿ ಹೇಳಿದೆ. ಅವನ ವಕೀಲರು ನನ್ನ ಎರಡು ಹೇಳಿಕೆಗಳನ್ನು ಎದುರೆದುರು ಇಟ್ಟು ಓದಿಸಿದರು, ಓದಿದೆ. ದಾನೇಲ ಹೆದರಿದ್ದಂತೆ ನಾಲ್ಕು ಮನೆಗಳನ್ನು ಯಾರೂ ಸುಡಲಿಲ್ಲ. ಆದರೆ ಊರಿನವರು ಅವರಿಗೆ ಲಾವಣಿಗೆ ಹೊಲ ಕೊಡುವುದನ್ನು ನಿಲ್ಲಿಸಿದರು. ಎರಡು ಮನೆಯವರು ಕಡೇಚೂರಿನ ಕಾರ್ಖಾನೆಗಳಿಗೆ ಕೂಲಿಗೆ ಹೋದರು. ನಮ್ಮ ಸಭೆಯ ಇಪ್ಪತ್ತೆರಡು ಮನೆಗಳಲ್ಲಿ ಒಂಬತ್ತು ಮನೆಯವರು ನನ್ನ ಮುಖ ನೋಡಲೊಲ್ಲೆವೆಂದು ಬಿಟ್ಟುಹೋದರು. ಇಲಾಖೆ ನನಗೆ ನೋಟಿಸ್ ಕೊಟ್ಟಿತು. ಪೊಲೀಸರಿಲ್ಲದೆ ಒಬ್ಬ ಕೆಲಸಗಾರನನ್ನು ಗೇಟಿಗೆ ಕಳಿಸಿದ ತೀರ್ಮಾನ ನನ್ನದೇ ಎಂದು ಉತ್ತರ ಬರೆದೆ. ಮೌಲಾಸಾಬನಿಗೆ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಅವನು ನನ್ನೊಂದಿಗೆ ಕೆಲಸದ ಮಾತು ಆಡುತ್ತಿದ್ದ, ಬೇರೆ ಮಾತು ಆಡುತ್ತಿರಲಿಲ್ಲ.

ಭೀಮರಾಯ ಹದಿನೆಂಟು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಗಲಭೆಯ ಕೇಸು ಅವನ ಮೇಲೆ ಉಳಿದಿತ್ತು, ಅದು ನ್ಯಾಯವೇ. ಬಿಡುಗಡೆಯಾದ ಮೂರನೇ ದಿನ ಆಫೀಸಿಗೆ ಬಂದ. ಕುಂಟುತ್ತಿದ್ದ. ಅಂಗಾಲಿಗೆ ಹೊಡೆದಿದ್ದರಂತೆ. ಸಿಬ್ಬಂದಿ ಎದ್ದು ನಿಂತರು, ನಾನು ಅವರನ್ನು ಹೊರಗೆ ಕಳಿಸಿದೆ. ಅವನು ಕೂರಲಿಲ್ಲ.

“ನನ್ನ ಎರಡೂ ಕೈ ನಿನ್ನ ಕೊಳ್ಳಾಗಿದ್ವು. ನಿನಗ ಮೊದಲಿಂದ್ಲೂ ಗೊತ್ತಿತ್ತಲ್ಲ?”

“ಗೊತ್ತಿತ್ತು.”

“ಮತ್ಯಾಕ ಹೇಳಲಿಲ್ಲ?”

“ನಿನ್ನ ಮ್ಯಾಲ ಸಿಟ್ಟಿತ್ತು.”

ಅವನು ಈ ಉತ್ತರ ನಿರೀಕ್ಷಿಸಿರಲಿಲ್ಲ ಅನ್ನಿಸುತ್ತದೆ. ಮೇಜಿನ ಅಂಚು ಹಿಡಿದುಕೊಂಡು ನಿಂತ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಹೊಡೆಯಲಿ ಎಂದೂ ಅನ್ನಿಸಿತ್ತು.

“ಈ ಮಾತ ಭಾನುವಾರ ನಿನ್ನ ಮಂದಿ ಮುಂದ ಹೇಳ್ತೀಯೇನು?” ಎಂದ.

“ಹೇಳ್ತೀನಿ. ಬಂದು ಕೇಳು.”

ಅವನು ಬಂದ. ಚರ್ಚಿನ ಒಳಗೆ ಕಾಲಿಡಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ಕೈ ಕಟ್ಟಿ ನಿಂತ. ಉಳಿದಿದ್ದ ಹದಿಮೂರು ಮನೆಯವರು ತಿರುಗಿ ತಿರುಗಿ ಅವನನ್ನೇ ನೋಡುತ್ತಿದ್ದರು. ನಾನು ಆ ದಿನ ಬೋಧನೆ ಮಾಡಲಿಲ್ಲ. ಭೀಮರಾಯ ನನಗೆ ಬೈದದ್ದು, ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡದ್ದು, ಸಹಿ ಮಾಡುವಾಗ ಏನನ್ನು ಬಿಟ್ಟೆನೆಂದು ಗೊತ್ತಿದ್ದೂ ಸಹಿ ಮಾಡಿದ್ದು, ಅವನಿಗೆ ಏಟು ಬಿದ್ದ ಸುದ್ದಿ ಕೇಳಿ ಸಮಾಧಾನಪಟ್ಟದ್ದು, ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳಿದೆ. ಹೇಳುವಾಗ ಹೆದರಿಕೆಯಾಗಿತ್ತು. ಕಾಲುವೆಯ ನೀರಿನಲ್ಲಿ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಮುಗಿಸಿ ತಲೆ ಎತ್ತಿದಾಗ ಬಾಗಿಲಲ್ಲಿ ಭೀಮರಾಯ ಇರಲಿಲ್ಲ. ಎಷ್ಟು ಕೇಳಿದನೋ ತಿಳಿಯದು. ಅಲ್ಲಿಂದಾಚೆ ನಮ್ಮಿಬ್ಬರಿಗೆ ಮಾತಿಲ್ಲ. ಗೇಟಿನ ಬಳಿ ಎದುರಾದರೆ ಅವನು ಒಂದು ಕ್ಷಣ ನಿಂತು ದಾರಿ ಬಿಡುತ್ತಿದ್ದ.

ಉಳಿದ ಮೂರು ವರ್ಷ ನಾನು ಒಬ್ಬ ಸೌಡಿಯನ್ನೂ ಒಂಟಿಯಾಗಿ ಗೇಟಿಗೆ ಕಳಿಸಲಿಲ್ಲ. ಆದೇಶ ಬರೆದ ದಿನ ಅವನಿಗಿಂತ ಮೊದಲು ನಾನು ಕಟ್ಟೆಯ ಮೇಲಿರುತ್ತಿದ್ದೆ. ಪ್ರತಿ ಗಲಾಟೆಯ ವರದಿಯಲ್ಲಿ, ನನಗೆ ಆಗದವನು ಏನು ಮಾಡಲಿಲ್ಲ ಎಂಬುದನ್ನು ಮೊದಲು ಬರೆಯುತ್ತಿದ್ದೆ. ಅದೇ ನನಗೆ ಕೈಗೆ ಬಾರದ ಸಾಲು ಎಂದು ಗೊತ್ತಾಗಿತ್ತು. ಸುಳ್ಳು ಹೇಳಬಾರದೆಂದು ಅಪ್ಪನೂ ಕಲಿಸಿದ್ದ, ಚರ್ಚೂ ಕಲಿಸಿತ್ತು, ಎಂಜಿನಿಯರಿಂಗೂ ಕಲಿಸಿತ್ತು. ಸುಳ್ಳಿಲ್ಲದ ಹೇಳಿಕೆಯೂ ಒಬ್ಬನ ಅಂಗಾಲು ಒಡೆಸಬಲ್ಲದು ಎಂಬುದನ್ನು ಕಲಿಯಲು ನನಗೆ ಐವತ್ತೇಳು ವರ್ಷ ಬೇಕಾಯಿತು.